ಇದ್ದಿಲು ಗಾಡಿಯ ಕಳಸಗಿತ್ತಿ

ಮುನ್ನೂರು ಸುತ್ತು ಆಗಿತ್ತು. ಮುತ್ತಮ್ಮ ಬಲಗೈ ಬಿಟ್ಟು ಎಡಗೈಗೆ ಹಿಡಿ ಬದಲಾಯಿಸಿಕೊಂಡು ಮತ್ತೆ ಗಾಳಿಚಕ್ರ ತಿರುಗಿಸತೊಡಗಿದಳು. ವ್ಯಾನಿನ ಬೆನ್ನಿಗೆ ಬಿಗಿದಿದ್ದ ಆಳೆತ್ತರದ ಕಬ್ಬಿಣದ ಡ್ರಮ್ಮಿನೊಳಗೆ ಇದ್ದಿಲು ಚಟಪಟ ನಿಲ್ಲಿಸಿ ಗುಂಯ್ ಎನ್ನಲು ಶುರುಮಾಡಿತ್ತು. ಚಟಪಟ ಎಂದರೆ ಒಳಗೆ ಇನ್ನೂ ತೇವವಿದೆ. ಗುಂಯ್ ಎಂದರೆ ಕೆಂಡ ಕೂತಿದೆ. ಇನ್ನು ಐವತ್ತು ಸುತ್ತಿಗೆ ಗ್ಯಾಸು ಬರುತ್ತದೆ. ಆ ಗ್ಯಾಸು ಕೊಳವೆಯಲ್ಲಿ ಹರಿದು ಎಂಜಿನ್ನು ಸೇರಿದರೆ ಗಾಡಿ ಓಡುತ್ತದೆ. ಪೆಟ್ರೋಲಿನ ಒಂದು ಹನಿಯೂ ಬೇಕಿಲ್ಲ.

ಪಾಂಡವಪುರದ ಬೀದಿಯಲ್ಲಿ ಆಗಷ್ಟೇ ಬೆಳಕು ಬಿಡುತ್ತಿತ್ತು. ಅವಳ ಗಂಡ ಲಿಂಗಣ್ಣ ಖಾಕಿ ಅಂಗಿ ತೊಟ್ಟು, ವ್ಯಾನಿನ ಪಕ್ಕದ ಕನ್ನಡಿಯಲ್ಲಿ ಮೀಸೆ ಬಾಚಿಕೊಳ್ಳುತ್ತಿದ್ದ.

"ಬಂತಾ?"

"ಇನ್ನೂ ಇಲ್ಲ."

"ನಿನ್ನೆ ಇಷ್ಟೊತ್ಗೆ ಬಂದ್ಬುಟ್ಟಿತ್ತು."

"ನಿನ್ನೆ ಮೋಡ ಇರ್ನಿಲ್ಲ. ಮೋಡ ಇದ್ರೆ ಇದ್ದಿಲು ಬೆವರ್ತದೆ."

"ಇದ್ದಿಲು ಬೆವರ್ತದಂತೆ! ಇನ್ನೊಂದ್ ದಿನ ಅದಕ್ಕೆ ನೆಗಡಿ ಆಗ್ಬುಟ್ಟದೆ ಅಂತೀಯ."

ಮುತ್ತಮ್ಮ ನಕ್ಕಳು. ಈ ಹೊತ್ತಿನಲ್ಲಿ ಅವನು ಹೀಗೆಯೇ. ಮನೆಯೊಳಗೆ, ಅತ್ತೆ ತಿಮ್ಮಮ್ಮನ ಎದುರಿಗೆ, ಗಂಡಹೆಂಡತಿಯ ನಡುವಿನ ಮಾತು ನೀರು, ಉಪ್ಪು, ಟವಲು ಇವು ಮೂರನ್ನು ದಾಟುತ್ತಿರಲಿಲ್ಲ. ಇಲ್ಲಿ ಮಾತ್ರ, ಅವಳು ಚಕ್ರ ತಿರುಗಿಸುವ ಇಪ್ಪತ್ತು ನಿಮಿಷ, ಅವನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಹಿಂದಿನ ದಿನ ಗಾಡಿ ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಅವಳ ಮುಂದೆ ಬಂದು ನಿಲ್ಲುತ್ತಿದ್ದರು. ಚೀಲದೊಳಗಿನ ಕೋಳಿಯನ್ನು ಹಲಸಿನಹಣ್ಣು ಎಂದು ಸಾಧಿಸಿದ ಗುಮಾಸ್ತ. ಆ ಹಲಸಿನಹಣ್ಣು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಕೂಗಿದ್ದು. ಏರು ಬಂದಾಗ ಇಳಿದು ನಡೆದ ಜನ ಗಾಡಿಗಿಂತ ಮೊದಲೇ ಮೇಲೆ ಹೋಗಿ ಕೂತು ಕಬ್ಬು ಸಿಗಿಯುತ್ತಿದ್ದದ್ದು. ಅವಳು ಆ ಗಾಡಿಯಲ್ಲಿ ಒಮ್ಮೆಯೂ ಕೂತವಳಲ್ಲ. ಆದರೂ ಅದು ಹೋಗಿಬಂದ ದಾರಿಯೆಲ್ಲ ಅವಳಿಗೆ ಗೊತ್ತಿತ್ತು.

ಲಿಂಗಣ್ಣ ಬಾಚಣಿಗೆಯನ್ನು ಜೇಬಿಗಿಟ್ಟ.

"ಇವತ್ತಿನ ಮದ್ವೆ ಬಾಡ್ಗೆ ಒಂದು ಮುಗೀಲಿ. ಸೋಮ್ವಾರ ಪಟ್ಣದ ಗುಜರಿ ಕುಳ್ಳಯ್ಯ ಬತ್ತಾನೆ. ಈ ಡ್ರಮ್ಮು ಕಿತ್ತು ಅವನ ಗಾಡಿಗಾಕ್ಬುಟ್ಟು ಪೆಟ್ರೋಲಿಗೆ ತಿರುಗ್ಸ್ಕೊತೀನಿ. ಕೂಪನ್ನು ಓಗಿ ಎಷ್ಟ್ ದಿನಾಯ್ತು! ಎಲ್ಲಾರ ಗಾಡೀನೂ ಬುರ್ ಅಂತ ಓಯ್ತಾವೆ, ನಾನೊಬ್ಬ ಮಸಿ ಬಳ್ಕೊಂಡು ಕೂತಿವ್ನಿ."

ಮುತ್ತಮ್ಮನ ಕೈ ನಿಲ್ಲಲಿಲ್ಲ. ಆದರೆ ಎಣಿಕೆ ತಪ್ಪಿತು.

"ನಿಂಗೂ ಸುಖ ಕಣಮ್ಮಿ," ಎಂದ ಅವನು, ತುಂಬ ಔದಾರ್ಯದಿಂದ. "ಬೆಳ್ಗಾಗೋಗಂಟ ಮನೀಕಬೋದು."

"ಅತ್ತೆಮ್ಮ ಬುಟ್ಟಾರಾ ಮನೀಕಳಕ್ಕೆ?" ಎಂದಳು. ಕೊಳವೆಯ ಪುಟ್ಟ ನಲ್ಲಿ ತಿರುಗಿಸಿ, ಉರಿಯುವ ಕಡ್ಡಿ ಹಿಡಿದಳು. ಮೊದಲು ಹಳದಿ ಕಿಡಿ ಕುಣಿದು ಆರಿತು. ಎರಡನೆಯ ಸಲ ಹಿಡಿದಾಗ ಗಾಳಿಗೂ ಅಲುಗದ ನೀಲಿ ಉರಿ ನಿಂತಿತು.

"ಬಂತು," ಎಂದಳು.

ಈ ಡ್ರಮ್ಮು ಮನೆಗೆ ಬಂದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಕೂಪನ್ನು, ಕೂಪನ್ನಿಗೆ ಸಾಲು, ಸಾಲಿನ ಕೊನೆಯಲ್ಲಿ 'ಇಲ್ಲ' ಎನ್ನುವ ಒಬ್ಬ. ಲಿಂಗಣ್ಣ ಮೈಸೂರಿಗೆ ಹೋಗಿ ಇದನ್ನು ಗಾಡಿಗೆ ಕಟ್ಟಿಸಿಕೊಂಡು ಬಂದ. ಕಟ್ಟಿದ ಮೇಸ್ತ್ರಿ ಅರ್ಧ ಗಂಟೆ ಪಾಠ ಹೇಳಿದ್ದನಂತೆ. ಮಾರನೆಯ ಬೆಳಿಗ್ಗೆ ಆ ಪಾಠದಿಂದ ಬೀದಿ ತುಂಬ ಹೊಗೆಯೆದ್ದಿತು, ಗಾಡಿ ಮಾತ್ರ ಏಳಲಿಲ್ಲ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಮುತ್ತಮ್ಮ ಇದ್ದಿಲಿನ ಮೂಟೆ ಬಿಚ್ಚಿ ನೋಡಿದಳು. ಅರ್ಧ ಪುಡಿ, ಅರ್ಧ ಹಸಿ, ನಡುವೆ ಬೇಯದ ಸೌದೆ. ಇದನ್ನು ತನ್ನ ಒಲೆಗೇ ಅವಳು ಹಾಕುತ್ತಿರಲಿಲ್ಲ. ಜರಡಿ ಹಿಡಿದು ಪುಡಿ ತೆಗೆದಳು; ನಿಂಬೆಹಣ್ಣಿನ ಗಾತ್ರದವನ್ನು ಆರಿಸಿ ಬಿಸಿಲಿಗೆ ಹರವಿದಳು; ಒಂದಕ್ಕೊಂದು ತಾಕಿಸಿ ಗಾಜಿನ ಬಳೆಯಂಥ ಸದ್ದು ಬಂದವನ್ನು ಮಾತ್ರ ತುಂಬಿದಳು. ಐದನೆಯ ದಿನ ಗಾಡಿ ಎದ್ದಿತು. ಲಿಂಗಣ್ಣ ಹಾರ್ನು ಹೊಡೆದುಕೊಂಡು ಊರು ಸುತ್ತಿ ಬಂದ. "ಎಂಗ್ ಎಬ್ಬುಸ್ದೆ ಲಿಂಗಣ್ಣ?" ಎಂದು ಕೇಳಿದವರಿಗೆಲ್ಲ, "ಅದೊಂದು ಮರ್ಮ ಕಣ್ಲಾ," ಎಂದ.

ಅಂದಿನಿಂದ ಮರ್ಮ ಅವನದು, ಜರಡಿ ಅವಳದು. ಅವಳಿಗೆ ಬೇಸರವೇನೂ ಇರಲಿಲ್ಲ. ಅವಳ ಅಡಿಗೆಯನ್ನು ಹೊಗಳಿದಾಗಲೂ ಅತ್ತೆ ಹೊಗಳುತ್ತಿದ್ದದ್ದು ರಾಗಿಯನ್ನು.

ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗಲೂ ಅವಳಿಗೆ ಸೋಮವಾರದ ಯೋಚನೆ. ಗಂಡ ಹೇಳಿದ್ದರಲ್ಲಿ ತಪ್ಪೇನಿದೆ? ಮಸಿಯಿಲ್ಲ, ಕೈನೋವಿಲ್ಲ. ಹೊರಗಿನವರು ಕೇಳಿದರೆ ಅವಳೂ ಹೌದೆನ್ನುತ್ತಿದ್ದಳು. ಆದರೂ ಯಾರೋ ಹಲ್ಲು ಕಿತ್ತ ಹಾಗೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಆ ದಿನ ಮುತ್ತಮ್ಮನಿಗೂ ಗಾಡಿಯಲ್ಲಿ ಜಾಗವಿತ್ತು. ಮದುವೆ ಅವಳ ತವರೂರು ಕ್ಯಾತನಹಳ್ಳಿಯ ದೊಡ್ಡಪ್ಪ ಹುಚ್ಚಯ್ಯನ ಮಗ ನಾಗರಾಜನದು. ವರನ ಸ್ವಂತ ತಂಗಿ ಬಾಣಂತಿ. ಹಾಗಾಗಿ ಕಳಸ ಹಿಡಿಯುವ ಕಳಸಗಿತ್ತಿ, ಅಕ್ಕನ ವರಸೆಯ ಮುತ್ತಮ್ಮನೇ ಎಂದಾಗಿತ್ತು. ಹೆಣ್ಣಿನ ಕಡೆಯವರು ಕೃಷ್ಣರಾಜಪೇಟೆಯ ವ್ಯಾಪಾರಸ್ಥರು. ಧಾರೆ ತಮ್ಮಲ್ಲೇ ಆಗಬೇಕೆಂದು ಹಟ ಹಿಡಿದಿದ್ದರು. ಹೆಂಗಸರೆಲ್ಲ ಹಿಂದಿನ ದಿನವೇ ಎತ್ತಿನ ಗಾಡಿಗಳಲ್ಲಿ ಹೋಗಿಯಾಗಿತ್ತು. ಕಬ್ಬು ಬೆಳೆದು ಕೈಯಲ್ಲಿ ದುಡ್ಡಾಡುತ್ತಿದ್ದ ಹುಚ್ಚಯ್ಯನಿಗೆ ಮಗ ಮೋಟಾರಿನಲ್ಲೇ ಇಳಿಯಬೇಕೆಂದು ಆಸೆ.

ಕ್ಯಾತನಹಳ್ಳಿಯಲ್ಲಿ ವ್ಯಾನಿಗೆ ಚೆಂಡುಹೂವಿನ ಹಾರ ಬಿತ್ತು. ಹುಚ್ಚಯ್ಯ ಹೊಸ ಮಲ್ಲುಬಟ್ಟೆಯ ಪೇಟ ಸುತ್ತಿಕೊಂಡು ಎತ್ತು ಕೊಳ್ಳುವವನ ಹಾಗೆ ಗಾಡಿಯನ್ನು ಸುತ್ತು ಬಂದು, ಡ್ರಮ್ಮಿಗೆ ಮೂರು ಬೆರಳು ವಿಭೂತಿ ಬಳಿದ. ಲಿಂಗಣ್ಣ ಡ್ರಮ್ಮಿನ ಮುಚ್ಚಳ ತೆಗೆದಿಟ್ಟು ಇದ್ದಿಲಿನ ಮೂಟೆ ಇಳಿಸಲು ವ್ಯಾನಿನ ಮೇಲಕ್ಕೆ ಹತ್ತಿದ. ಮುತ್ತಮ್ಮ ಆಗ ದೇವರ ಮನೆಯಲ್ಲಿದ್ದಳು. ನೀರು ತುಂಬಿದ ತಾಮ್ರದ ಚೊಂಬು, ಬಾಯಿಗೆ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಮನೆ ಕಾಯಲು ಉಳಿದಿದ್ದ ಮುದುಕಿ ಅದನ್ನು ಎತ್ತಿ ಕೊಟ್ಟು ಎಚ್ಚರಿಸಿದಳು: "ಎತ್ತಿದ್ ಕಳಸ ಹಸೆ ಮುಟ್ಟೋಗಂಟ ನೆಲ ಕಾಣಂಗಿಲ್ಲ ಕಣವ್ವ. ಗಂಡಸ್ರ ಕೈಗೂ ಕೊಡಂಗಿಲ್ಲ. ಮೂಗು ಕೆರೆದ್ರೂ ತಡ್ಕೊ."

ಆಮೇಲೆ ಅವಳನ್ನು ಕಳಸದ ಸಮೇತ ಒಂದು ಮೂಟೆಯಂತೆ ವ್ಯಾನಿಗೆ ಏರಿಸಿದರು. ಜೊತೆಗೆ ಬಾಸಿಂಗ ಕಟ್ಟಿದ ನಾಗರಾಜ, ಹುಚ್ಚಯ್ಯ, ಇಬ್ಬರು ಮುದುಕರು. ಅವರಲ್ಲಿ ಒಬ್ಬನಿಗೆ ಕಿವಿ ಕೇಳಿಸದು. ಗಾಡಿ ಹೊರಟಿತು. ಮುತ್ತಮ್ಮ ಕಿಟಕಿಯಾಚೆ ಓಡುವ ಕಬ್ಬಿನ ಗದ್ದೆಗಳನ್ನು ನೋಡಿದಳು. ಏಳೆಂಟು ವರ್ಷ ದಿನವೂ ಎಬ್ಬಿಸಿ ಕಳಿಸಿದ ಗಾಡಿ, ಒಳಗಿನಿಂದ ಹೀಗೆ ಕುಲುಕುತ್ತದೆ ಎಂದು ಅವಳಿಗೆ ತಿಳಿದದ್ದು ಆ ದಿನವೇ.

"ಅಕ್ಕೋ, ಎಂಗ್ ಘಮಘಮ ಅಂತದೆ ನಿಮ್ ಗಾಡಿ!" ಎಂದ ನಾಗರಾಜ. "ದ್ಯಾವಸ್ಥಾನ್ದಲ್ಲಿ ಕೂತಂಗದೆ."

"ನಮ್ ಗಾಡಿ ಅಂದ್ರೆ ಏನಂದ್ಕೊಂಡೆ ಬಾಮೈದ!" ಎಂದ ಲಿಂಗಣ್ಣ ಮುಂದಿನಿಂದ.

ಹುಚ್ಚಯ್ಯ ಮೀಸೆಯಡಿಯಲ್ಲಿ ನಕ್ಕ. ಮುತ್ತಮ್ಮ ಮೂಗರಳಿಸಿದಳು. ಅವಳ ಬೆಂಕಿಗೆ ಯಾವತ್ತೂ ಇಂಥ ವಾಸನೆ ಇರಲಿಲ್ಲ.

ಚಿನಕುರಳಿ ದಾಟಿ ಏರು ಶುರುವಾಗುವಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಉದ್ದಕ್ಕೆ ನಿಟ್ಟುಸಿರು ಬಿಟ್ಟು ನಿಂತಿತು.

"ಊರ್ ಬಂತಾ?" ಎಂದ ಕಿವುಡ ಮುದುಕ.

ಎಂಟೂ ಮುಕ್ಕಾಲು. ಮುಹೂರ್ತ ಹತ್ತೂವರೆಗೆ. ಇನ್ನೂ ಹನ್ನೆರಡು ಹದಿಮೂರು ಮೈಲಿ ಇತ್ತು. ಈ ಗಾಡಿಗೆ ಅದು ಒಂದು ಗಂಟೆಯ ದಾರಿ. ರಸ್ತೆಯ ಎರಡೂ ಕಡೆ ಬೀಳು, ಹತ್ತಿರದಲ್ಲಿ ಊರಿಲ್ಲ. ಎತ್ತಿನ ಗಾಡಿ ಹಿಡಿದರೂ ಮಧ್ಯಾಹ್ನ.

ಲಿಂಗಣ್ಣ ಬಾನೆಟ್ಟು ಎತ್ತಿದ. ಎಂಜಿನ್ನಿನ ಮಟ್ಟಿಗೆ ಅವನು ಜಾಣನೇ. ಒಂದು ತಂತಿ ಎಳೆದ, ಒಂದನ್ನು ಒರೆಸಿದ, ಒಂದನ್ನು ಊದಿದ. ಎಲ್ಲವೂ ಸರಿಯಿತ್ತು. ಹಾಗಿದ್ದ ಮೇಲೆ ತಪ್ಪು ಇದ್ದದ್ದು ಹಿಂದೆ, ಡ್ರಮ್ಮಿನಲ್ಲಿ. ಅವನು ಡ್ರಮ್ಮಿನ ಕಡೆಗೆ ನಡೆದ, ಅದರ ಮುಂದೆ ನಿಂತ, ಸೊಂಟದ ಮೇಲೆ ಕೈಯಿಟ್ಟ. ಅಷ್ಟರಲ್ಲಿ ನಾಗರಾಜನ ಆಸರೆಯಲ್ಲಿ ಇಳಿದಿದ್ದ ಮುತ್ತಮ್ಮ ಪಕ್ಕದಲ್ಲಿ ನಿಂತಳು. ಎರಡೂ ಕೈಯಲ್ಲಿ ಕಳಸ. ಗಂಡ ಅವಳ ಕಡೆ ನೋಡಿದ. ಆ ನೋಟವನ್ನು ಅವಳು ಬೇರೆಲ್ಲೋ ಕಂಡಿದ್ದಳು: ಅವಳ ಮಗ ಮಗ್ಗಿ ಒಪ್ಪಿಸುವಾಗ ಹದಿಮೂರರಲ್ಲಿ ಸಿಕ್ಕಿಕೊಂಡು ಹೀಗೆಯೇ ನೋಡುತ್ತಿದ್ದ.

ಸುತ್ತ ತವರಿನ ಹಿರಿಯರು. ಅಳಿಯನ ಮರ್ಮವೇನೆಂದು ಅವರೆದುರು ಬಿಚ್ಚುವುದೆ? ಅವಳು ತುಟಿ ಅಲುಗಿಸದೆ ಹೇಳಿದಳು: "ಸೋಸೋ ಡಬ್ಬಿ ಬಿಚ್ಚಿ ನೋಡಿ."

"ಸೋಸೋ ಡಬ್ಬಿ ಬಿಚ್ಚಿ ನೋಡ್ಬೇಕು ಅನ್ಸ್ತದೆ ನಂಗೆ," ಎಂದ ಲಿಂಗಣ್ಣ ಗಟ್ಟಿಯಾಗಿ.

ಗ್ಯಾಸಿನ ದೂಳು ಎಂಜಿನ್ನಿಗೆ ಹೋಗದಂತೆ ತಡೆಯುವ ಡಬ್ಬಿ ಅದು. ಒಳಗಿನ ಅರಿವೆ ಬೆಳ್ಳಗಿರದಿದ್ದರೂ ಒಣಗಿರಬೇಕಿತ್ತು. ಈಗ ಅದು ಹಲಸಿನ ಮೇಣದಲ್ಲಿ ಅದ್ದಿದಂತೆ ಅಂಟಂಟಾಗಿ, ಎಳೆದರೆ ನೂಲು ಬಿಡುತ್ತಿತ್ತು. ಗ್ಯಾಸಿರಲಿ, ಸೊಳ್ಳೆಯೂ ಅದರೊಳಗೆ ತೂರುವಂತಿರಲಿಲ್ಲ.

"ಒಳ್ಗೆ ಏನೋ ಬಿದ್ದದೆ," ಎಂದಳು ಮೆಲ್ಲಗೆ.

"ಒಳ್ಗೆ ಏನೋ ಬಿದ್ದದೆ ಅನ್ಸ್ತದೆ."

"ಏನು ಬಿದ್ದದೆ ಅಳಿಮಯ್ಯ?" ಎಂದ ಹುಚ್ಚಯ್ಯ.

ಲಿಂಗಣ್ಣ ಮುಂದಿನ ಮಾತಿಗಾಗಿ ಹೆಂಡತಿಯತ್ತ ಕಿವಿ ವಾಲಿಸಿದ. ಅಷ್ಟು ಹೊತ್ತಿಗೆ ಮುತ್ತಮ್ಮನಿಗೆ ವಾಸನೆಯ ಗುರುತು ಸಿಕ್ಕಿತ್ತು. ಪಿಸುಗುಟ್ಟಲು ಪುರುಸೊತ್ತಿರಲಿಲ್ಲ.

"ದೊಡ್ಡಯ್ಯ," ಎಂದಳು, ಅಡಿಗೆಮನೆಯ ಆಚೆ ಎಂದೂ ಬಳಸದ ದನಿಯಲ್ಲಿ, "ಡ್ರಮ್ಮಿಗೆ ಏನಾಕಿದ್ರಿ?"

"ನಾನಾ? ಏನೂ ಇಲ್ಲ ಕಣವ್ವ. ಒಸಿ ಸಾಂಬ್ರಾಣಿ."

"ಒಸಿ ಅಂದ್ರೆ?"

"ಎರಡು ಬೊಗಸೆ." ಹುಚ್ಚಯ್ಯ ತಡೆದು, "ಬೊಗಸೆ ಅಂದ್ರೂ ತುಂಬಾ ಅಲ್ಲ. ಶುಭ ಕಾರ್ಯಕ್ಕೆ ಒಂಟಿವಿ, ಬೆಂಕಿ ದ್ಯಾವ್ರು ಬಾಯ್ ತಕ್ಕೊಂಡು ಕೂತವ್ನೆ, ಬರೀ ಇದ್ದಿಲು ಉಣ್ಣಿಸಿ ಕಳ್ಸದಾ? ಅಗ್ಗದ ಸಾಂಬ್ರಾಣಿ ಅಲ್ಲ, ಒಳ್ಳೇದು, ಮೇಲುಕೋಟೆ ಅಂಗ್ಡೀದು."

"ಅಪ್ಪಾ," ಎಂದ ನಾಗರಾಜ, ಬಾಸಿಂಗದ ಕೆಳಗಿನಿಂದ, "ಸಾಂಬ್ರಾಣಿ ಆಕಿ ಬೆಂಕಿ ದ್ಯಾವ್ರನ್ನ ಮನಗಿಸ್ಬುಟ್ಟೆ. ಇನ್ನು ಜೋಗುಳ ಒಂದು ಆಡ್ಬುಡು."

ಮುತ್ತಮ್ಮನಿಗೆ ನಗು ಬಂತು. ಆದರೆ ನಕ್ಕರೆ ತೆಂಗಿನಕಾಯಿ ಅಲುಗುತ್ತಿತ್ತು. ಕರಗಿದ ಸಾಂಬ್ರಾಣಿ ಆವಿಯಾಗಿ ಹೋಗಿ ಡಬ್ಬಿಯಲ್ಲಿ ಅಂಟಾಗಿ ಕೂತಿದೆ. ಡ್ರಮ್ಮು ಬರಿದು ಮಾಡಬೇಕು, ಹೊಸದಾಗಿ ಹೊತ್ತಿಸಬೇಕು. ಈ ಕೆಲಸಕ್ಕೆ ಹತ್ತು ಬೆರಳೂ ಬೇಕು. ಅವಳ ಹತ್ತೂ ಬೆರಳು ಚೊಂಬಿನ ಸುತ್ತ. ಉಳಿದದ್ದು ಬಾಯಿ.

ಅದನ್ನೇ ಬಳಸಿದಳು.

"ನೀವು ಅಡಿ ಬಾಗ್ಲು ತಗ್ದು ಕೆಂಡ ರಸ್ತೆಗೆ ಕೆಡಗಿ," ಎಂದಳು ಗಂಡನಿಗೆ. "ಮೇಲ್ನಿಂದ ಬಗ್ಗಬೇಡಿ, ಗ್ಯಾಸು ಕುಡೀತೀರಿ. ನಾಗರಾಜ, ಒಳ್ಗಡೆ ಕಡ್ಡೀಲಿ ಕೆರಿ. ನಿನ್ ಪಂಚೆ ಎತ್ತಿ ಕಟ್ಕೊ ಮೊದ್ಲು. ದೊಡ್ಡಯ್ಯ, ಆ ಮೂಟೆ ಬಿಚ್ಚಿ ಇದ್ದಿಲು ಆರ್ಸಿ. ಅದಲ್ಲ, ಅದು ಮೆತ್ತಗದೆ. ಎರಡು ತಕ್ಕೊಂಡು ತಾಕ್ಸಿ ನೋಡಿ. ಟಣ್ ಅಂದದ್ದು ಮಾತ್ರ."

"ಟಣ್ ಅಂತಾ?"

"ಬಳೆ ಅಂದಂಗೆ."

ಎಪ್ಪತ್ತು ಎಕರೆಯ ಹುಚ್ಚಯ್ಯ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಎರಡೆರಡು ಇದ್ದಿಲು ಕಿವಿಯ ಬಳಿ ಹಿಡಿದು ತಾಕಿಸಿ ನೋಡತೊಡಗಿದ. ಕಿವುಡ ಮುದುಕನೂ ಇಳಿದು ಬಂದು ಪಕ್ಕದಲ್ಲಿ ಕೂತು ತಾನೂ ತಾಕಿಸಿ, ತಲೆಯಾಡಿಸಿ, ಎಲ್ಲವನ್ನೂ ಒಳ್ಳೆಯ ಗುಂಪಿಗೇ ಸೇರಿಸುತ್ತ ಹೋದ.

"ಡಬ್ಬಿಗೆ ಒಣಗಿದ ಅರಿವೆ ಬೇಕು," ಎಂದಳು ಮುತ್ತಮ್ಮ. ಸುತ್ತ ನೋಡಿದಳು. ನಾಗರಾಜನದು ಜರಿಯ ರೇಷ್ಮೆ ಪಂಚೆ, ಆಗದು. ಲಿಂಗಣ್ಣನ ಟವಲಿಗೆ ಗ್ರೀಸು. ಅವಳ ನೋಟ ದೊಡ್ಡಪ್ಪನ ತಲೆಯ ಮೇಲೆ ನಿಂತಿತು. ಹತ್ತು ಮೊಳದ ಮಲ್ಲುಬಟ್ಟೆ, ಹೊಚ್ಚ ಹೊಸದು.

"ಬ್ಯಾಡ ಕಣವ್ವ," ಎಂದ ಹುಚ್ಚಯ್ಯ, ಎರಡೂ ಕೈಯಿಂದ ತಲೆ ಹಿಡಿದುಕೊಂಡು. ಕೈಯ ಮಸಿ ಪೇಟಕ್ಕೆ ಹತ್ತಿತು. "ಬೀಗರ ಮುಂದೆ ಬೋಳ್ ತಲೇಲಿ ಓಗ್ಲಾ?"

"ಕೊಟ್ಬುಡಪ್ಪ. ಎಣ್ಣಿನೋರು ನಿನ್ ತಲೆ ನೋಡಕ್ ಕಾದವ್ರಾ, ನನ್ ಮಕ ನೋಡಕ್ ಕಾದವ್ರಾ?"

ಪೇಟ ಬಿಚ್ಚಿತು. ಅರ್ಧ ಹರಿದು ಡಬ್ಬಿಗೆ ತುಂಬಿದರು. ಉಳಿದರ್ಧವನ್ನು ಹುಚ್ಚಯ್ಯ ಮತ್ತೆ ಸುತ್ತಿಕೊಂಡ. ಅದು ಮಗುವಿನ ಕುಲಾವಿಯಷ್ಟಾಯಿತು.

ಹೊಸ ಇದ್ದಿಲಿನ ಅಡಿಗೆ ಕೆಂಡ ಬೇಕಿತ್ತು. ಕೆಡವಿದ ರಾಶಿಯಲ್ಲಿ ಯಾವುದು ಅಂಟಿಲ್ಲದ್ದು ಎಂದು ಮುತ್ತಮ್ಮ ದೂರದಿಂದಲೇ ಹೇಳಿದಳು. "ಬಿಳೀ ಬೂದಿ ಕಟ್ಟಿರೋದು ತಕ್ಕಳಿ. ಕಪ್ಪಗೆ ಮಿಂಚ್ತಾ ಅದ್ಯಲ್ಲ, ಅದು ಬ್ಯಾಡ." ಲಿಂಗಣ್ಣ ಒಂದೊಂದನ್ನೇ ಕಡ್ಡಿಯಿಂದ ತಳ್ಳಿಕೊಂಡು ಅವಳ ಮುಖ ನೋಡುವನು, ಅವಳು ಹೂಂ ಎಂದರೆ ಎತ್ತುವನು. ಈಗ ಅವನು ಯಾವುದನ್ನೂ ಎರಡನೆಯ ಸಲ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಚಕ್ರಕ್ಕೆ ಮೊದಲು ಹುಚ್ಚಯ್ಯ ನಿಂತ. ಅರವತ್ತು ಸುತ್ತಿಗೆ ಮೈಲಿಗಲ್ಲಿನ ಮೇಲೆ ಕೂತ. ಲಿಂಗಣ್ಣ ಡ್ರಮ್ಮಿನ ಬಾಗಿಲು ಹಿಡಿದು ನಿಂತಿದ್ದ. ಕೊನೆಗೆ ಮದುಮಗನೇ ಹಿಡಿಗೆ ಕೈ ಹಾಕಿದ. ಬಾಸಿಂಗದ ಮುತ್ತುಗಳು ಚಕ್ರದ ಜೊತೆ ಕುಣಿದವು.

"ನೂರಾ ಇಪ್ಪತ್ತು," ಎಂದಳು ಮುತ್ತಮ್ಮ. "ಒಂದೇ ಸಮ ತಿರುಗ್ಸು. ರೋಷ ಬ್ಯಾಡ."

"ದಿನಾ ಇದ್ನ ಯಾರಕ್ಕ ತಿರುಗ್ಸೋದು?"

ಅವಳು ಎಣಿಸುತ್ತಲೇ ಇದ್ದಳು. ಕಳಸ ಭಾರವಾಗಿ ಮೊಣಕೈಗಳನ್ನು ಸೊಂಟಕ್ಕೆ ಊರಿಕೊಂಡಳು. ದೂರದಲ್ಲಿ ಮೇಲುಕೋಟೆಯ ಬೆಟ್ಟ ಮೋಡದೊಳಗಿನಿಂದ ಅರ್ಧ ಕಾಣಿಸುತ್ತಿತ್ತು. ಈ ಬಯಲಿನಲ್ಲಿ ಐವರು ಗಂಡಸರು ತನ್ನ ಎಣಿಕೆಗೆ ಕಿವಿಕೊಟ್ಟು ನಿಂತಿದ್ದಾರೆ. ಮುಹೂರ್ತ ತಪ್ಪಿದರೆ ಎಂಬ ಭಯ ಎದೆಯಲ್ಲಿ ಇದ್ದೇ ಇತ್ತು. ಅದರ ಪಕ್ಕದಲ್ಲೇ ಇನ್ನೊಂದು ಕೂತಿತ್ತು. ಬೆಳಿಗ್ಗೆಯಿಂದ ಅದಕ್ಕೆ ಹೆಸರು ಸಿಕ್ಕಿರಲಿಲ್ಲ. ಗಂಡನ ಜೊತೆಗಿನ ಬೆಳಗಿನ ಮಾತುಕತೆ ತಪ್ಪಿಹೋಗುತ್ತದೆ ಎಂದು ತಾನು ಕೊರಗಿದ್ದು ಎಂದುಕೊಂಡಿದ್ದಳು. ಅದೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಈ ಜಗತ್ತಿನಲ್ಲಿ ತನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿದ್ದದ್ದು ಇದೊಂದೇ. ಸೋಮವಾರ ಅದನ್ನು ಗುಜರಿಗೆ ಹಾಕುತ್ತಿದ್ದರು.

"ಮುನ್ನೂರಾ ಐವತ್ತು. ಇನ್ನು ಕಡ್ಡಿ ಇಡೀರಿ."

ಲಿಂಗಣ್ಣ ನಲ್ಲಿಗೆ ಕಡ್ಡಿ ಹಿಡಿದ. ಹಳದಿ. ಆರಿತು.

"ಇನ್ನೈವತ್ತು."

ಮತ್ತೆ ಹಿಡಿದ. ಹಳದಿ, ಹಳದಿಯ ಬುಡದಲ್ಲಿ ನೀಲಿ, ಆಮೇಲೆ ಪೂರ್ತಿ ನೀಲಿ.

"ಬಂತು!" ಎಂದು ಕೂಗಿದವನು ಲಿಂಗಣ್ಣ. ಅವನು ಹಾಗೆ ಕೂಗಿದ್ದನ್ನು ಅವಳು ಕೇಳಿದ್ದು ಮೊದಲ ಸಲ.

ಎಂಜಿನ್ನು ಎದ್ದಿತು. ಹುಚ್ಚಯ್ಯ ಗಾಡಿ ಹತ್ತುತ್ತ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ. "ಅಲ್ಲ ಕಣವ್ವಾ, ಇದ್ನೆಲ್ಲಾ ಎಲ್ ಕಲ್ತೆ ನೀನು?"

"ನಾನ್ ಮಾಡೋದ್ನ ನೋಡಿ ನೋಡಿ ಕಲ್ತವ್ಳೆ ಮಾವ," ಎಂದ ಲಿಂಗಣ್ಣ ಮುಂದಿನಿಂದ, ಬೇಗಬೇಗನೆ.

ಮುತ್ತಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಕಂಬದ ಹಿಂದೆ ಅವಿತ ಮಗುವಿನ ಹಾಗಿದ್ದ ಅವನು, ಹೊಟ್ಟೆ ಮಾತ್ರ ಹೊರಗೆ.

ಹತ್ತೂ ಇಪ್ಪತ್ತಕ್ಕೆ ಕೃಷ್ಣರಾಜಪೇಟೆ. ಮದುಮಗನ ಕೆನ್ನೆಗೆ ಅರಿಶಿನದ ಮೇಲೆ ಮಸಿ. ಅದು ದೃಷ್ಟಿಬೊಟ್ಟು ಎಂದು ಹೆಣ್ಣಿನ ಕಡೆಯವರು ಮೆಚ್ಚಿಕೊಂಡರು. ಮುತ್ತಮ್ಮ ಕಳಸವನ್ನು ಹಸೆಯ ಬಳಿ ಇಳಿಸಿದಾಗ ಬೆರಳುಗಳು ಬಹಳ ಹೊತ್ತು ಚೊಂಬಿನ ಆಕಾರದಲ್ಲೇ ಉಳಿದವು.

ಊಟದ ಹೊತ್ತಿಗೆ ಕತೆ ಇಡೀ ಚಪ್ಪರಕ್ಕೆ ಗೊತ್ತಾಗಿತ್ತು. ನಾಗರಾಜ ಅದನ್ನು ಮಂಟಪದಲ್ಲೇ ಹೆಣ್ಣಿನ ಕಿವಿಗೆ ಹೇಳಿ ನಗಿಸಿದ್ದನಂತೆ. ಹೆಣ್ಣಿನ ಸೋದರಮಾವ ಚಿಕ್ಕಯ್ಯ, ನಾಗಮಂಗಲದಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಕೈ ತೊಳೆದವನೇ ವ್ಯಾನಿನ ಸುತ್ತ ಮೂರು ಸುತ್ತು ಬಂದ. ಆಮೇಲೆ ಲಿಂಗಣ್ಣನನ್ನು ಹುಡುಕಿಕೊಂಡು ಬಂದ. ಹೆಂಗಸರ ಪಂಕ್ತಿ ಪಕ್ಕದಲ್ಲೇ ಇತ್ತು. ಮುತ್ತಮ್ಮನಿಗೆ ಎಲ್ಲ ಕೇಳಿಸುತ್ತಿತ್ತು.

"ಲಿಂಗಣ್ಣೋರೆ, ಆ ಡ್ರಮ್ಮು ಕಿತ್ತಾಕ್ತೀರಂತೆ. ನಂಗೆ ಕೊಟ್ಬುಡಿ. ನನ್ ಗಿರಣಿ ಎಂಜಿನ್ನು ಸೀಮೆಎಣ್ಣೇದು. ವಾರಕ್ಕೆ ಮೂರ್ ದಿನ ಎಣ್ಣೆ ಸಿಕ್ಕಲ್ಲ, ಬಾಗ್ಲಾಕ್ತೀನಿ. ಎಂಗಸ್ರು ನಾಕ್ ಮೈಲಿಯಿಂದ ರಾಗಿ ಒತ್ಕೊಂಡ್ ಬಂದು, ಬಾಗ್ಲು ನೋಡಿ, ನಂಗೆ ಮಂಗಳಾರತಿ ಎತ್ತಿ, ಒತ್ಕೊಂಡ್ ಓಯ್ತಾವ್ರೆ. ಇದ್ದಿಲಾದ್ರೆ ನಮ್ ಕಡೆ ಬೇಕಾದಷ್ಟದೆ."

"ಕೊಡಬೋದಿತ್ತು," ಎಂದ ಲಿಂಗಣ್ಣ. "ಆದ್ರೆ ಅದ್ನ ಉರ್ಸೋದು ಸುಲ್ಬ ಅಲ್ಲ ಚಿಕ್ಕಯ್ಯೋರೆ."

"ಅದ್ಕೇ ಕೇಳ್ತಿರೋದು. ನೀವು ಒಂದತ್ತು ದಿನ ಬಂದಿದ್ದು, ನಮ್ ಆಳುಗಳ್ಗೆ ಏಳ್ಕೊಟ್ಟೋಗಿ. ಇರಕ್ಕೆ ಜಾಗ ಅದೆ, ಉಣ್ಣಕ್ಕೆ ನಮ್ಮನೆ ಅದೆ."

ಲಿಂಗಣ್ಣ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಹತ್ತು ದಿನ, ಬೇರೆಯವರ ಎದುರು, ಪಕ್ಕದಲ್ಲಿ ಯಾರೂ ಇಲ್ಲದೆ. "ನಂಗೆಲ್ಲಿ ಪುರುಸೊತ್ತು," ಎಂದ. "ಅಲ್ದೆ ಡ್ರಮ್ಮು ತೂತಾಗ್ಬುಟ್ಟದೆ. ಕುಳ್ಳಯ್ಯಂಗೆ ಮಾತೂ ಕೊಟ್ಬುಟ್ಟಿವ್ನಿ. ಗುಜರೀನೇ ಸರಿ ಅದಕ್ಕೆ."

ಡ್ರಮ್ಮಿಗೆ ಸಾಸಿವೆಯಷ್ಟೂ ತೂತಿರಲಿಲ್ಲ. ಮುತ್ತಮ್ಮ ಪ್ರತಿ ಅಮಾವಾಸ್ಯೆ ಅದರ ಹೊಟ್ಟೆ ತಟ್ಟಿ ನೋಡುತ್ತಿದ್ದಳು. ಅವಳು ಪಾಯಸದ ಕಡೆ ನೋಡುತ್ತ ಕೂತಳು.

ಪಕ್ಕದ ಎಲೆಯಲ್ಲಿದ್ದವಳು ಯಶೋದಮ್ಮ, ಚಿಕ್ಕಯ್ಯನ ಹೆಂಡತಿ. "ನಿಮ್ಮೆಜಮಾನ್ರು ಬಲು ಬಿಗಿ," ಎಂದಳು.

"ಬಿಗಿ ಏನಿಲ್ಲ, ಕೆಲ್ಸ ಜಾಸ್ತಿ," ಎಂದಳು ಮುತ್ತಮ್ಮ. ಪಾಯಸಕ್ಕೆ ಕೈ ಹಾಕಿ ಕೇಳಿದಳು: "ನಿಮ್ ಕಡೆ ಇದ್ದಿಲು ಜಾಲಿದಾ, ಹುಣಸೇದಾ?"

"ಜಾಲಿದು."

"ಕೈಗೆ ಮೆತ್ಕೊತದಾ?"

"ಅಷ್ಟಾಗಿ ಇಲ್ಲ. ಯಾಕವ್ವಾ?"

"ಸುಮ್ಗೆ ಕೇಳ್ದೆ. ಗಿರಣಿ ಒಳಕ್ಕೆ ಎಂಗಸ್ರು ಬತ್ತಾರಾ, ಈಚೆಗೇ ನಿಲ್ತಾರಾ?"

"ಅಯ್ಯೋ, ನಾನೇ ದಿನಾ ರಾಗಿ ಸುರೀತೀನಿ. ನಾನ್ ಎಂಗಸಲ್ವಾ?"

ಮುತ್ತಮ್ಮ ಇನ್ನೊಂದು ಸೌಟು ಪಾಯಸ ಬಡಿಸಿಕೊಂಡಳು.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ತಿಮ್ಮಮ್ಮ ಮಗನಿಗೆ ಬಡಿಸಲು ಬಿಡದೆ ಮದುವೆಯ ಕತೆ ಕೇಳುತ್ತಿದ್ದಳು. ಪಾಂಡವಪುರದಿಂದಾಚೆ ಅವಳು ಹೋದದ್ದು ಎರಡೇ ಸಲ. ಲಿಂಗಣ್ಣ ಸಾಂಬ್ರಾಣಿಯ ಕತೆ ಹೇಳಿದ. ಅವನ ಕತೆಯಲ್ಲಿ ಡಬ್ಬಿ ಬಿಚ್ಚಿದವನು ಅವನು, ಕೆಂಡ ಆರಿಸಿದವನು ಅವನು, ಪೇಟ ಕೇಳಿದವನೂ ಅವನೇ. ಕೊನೆಗೆ ಬಂದಾಗ ಸ್ವಲ್ಪ ತಡವರಿಸಿ, "ಇವ್ಳೂ ಒಂದೆರಡು ಮಾತು ಏಳುದ್ಲು," ಎಂದ. ಅವನ ಮಟ್ಟಿಗೆ ಅದು ದೊಡ್ಡ ದಾನವೇ.

"ಕಳಸ ಇಡ್ಕೊಂಡು ಮಾತಾಡುದ್ಲಾ?" ಎಂದಳು ತಿಮ್ಮಮ್ಮ, ಬೆಚ್ಚಿ.

"ಒಸಿ ಅಷ್ಟೆ ಅತ್ತೆಮ್ಮ," ಎಂದಳು ಮುತ್ತಮ್ಮ.

ಲಿಂಗಣ್ಣ ಮುದ್ದೆ ಮುರಿದ. "ಕುಳ್ಳಯ್ಯಂಗೆ ಏಳಿ ಕಳ್ಸಿವ್ನಿ. ಸೋಮ್ವಾರ ಮಧ್ಯಾನ್ನ ಬತ್ತಾನೆ. ನಾಳೆ ಮೈಸೂರಿನ ಮೇಸ್ತ್ರಿ ಬಂದು ಡ್ರಮ್ಮು ಬಿಚ್ಚಿ ಇತ್ಲಲ್ಲಿ ಮಡಗಿ ಓಯ್ತಾನೆ."

ಮುತ್ತಮ್ಮ ಸೌಟು ಹಿಡಿದು ನಿಂತಿದ್ದಳು. ವ್ಯಾನು ಪೆಟ್ರೋಲಿಗೆ ಹೋಗುವುದು ಹೋಗಲಿ. ಕಾಲವೇ ಆ ಕಡೆ ಹೊರಟಿದೆ, ತಡೆದು ನಿಲ್ಲಿಸುವವಳು ತಾನಲ್ಲ. ಬೆಳಗಿನ ಮಾತಿಗೆ ಬೇರೆ ಹೊತ್ತು ಹುಡುಕಿಕೊಳ್ಳಬೇಕಾದವನು ಅವನೇ. ಬೇಕಾದರೆ ಹುಡುಕಿಕೊಳ್ಳುತ್ತಾನೆ. ಹಿತ್ತಲಲ್ಲಿ ಡ್ರಮ್ಮು ಎರಡು ದಿನ ಇರುತ್ತದೆ. ಭಾನುವಾರ ಬೆಳಿಗ್ಗೆ ನಾಗಮಂಗಲದ ಬಸ್ಸು ಇಲ್ಲಿಂದಲೇ ಹೊರಡುತ್ತದೆ, ಅದರ ಡ್ರೈವರು ಮರಿಸ್ವಾಮಿ ಅವಳ ತವರಿನವನು, ಭಾರದ್ದನ್ನು ಮೇಲೆ ಹಾಕಿಸಿಕೊಳ್ಳಲು ತಕರಾರು ಮಾಡುವವನಲ್ಲ. ಮಕ್ಕಳಿಬ್ಬರೂ ಅಜ್ಜಿಯ ಮಗ್ಗುಲು ಬಿಡುವವರಲ್ಲ. ಚಿಕ್ಕಯ್ಯನ ಗಿರಣಿಯಲ್ಲಿ ಹತ್ತು ದಿನ ಎಂದರೆ ಹತ್ತು ದಿನ, ಆಮೇಲಿನದು ಆಮೇಲೆ. ಒಂದು ಜರಡಿ, ಎರಡು ಸೀರೆ. ಕುಳ್ಳಯ್ಯ ಬಂದಾಗ ಹಿತ್ತಲಲ್ಲಿ ಕುಂಬಳದ ಬಳ್ಳಿ ಮಾತ್ರ ಇರುತ್ತದೆ.

"ಏನಮ್ಮಿ, ನಿಂತ್ಕೊಂಡೇ ಮನೀಕಂಡ್ಯಾ?" ಎಂದ ಲಿಂಗಣ್ಣ.

"ಇಲ್ಲ," ಎಂದಳು ಮುತ್ತಮ್ಮ. "ಇನ್ನರ್ಧ ಮುದ್ದೆ ಆಕ್ಲಾ?"